ಹೊರಗೆ ಕಾದವರು

1996ರ ಫೆಬ್ರವರಿಯ ಒಂದು ಭಾನುವಾರ. ಬೆಂಗಳೂರಿನ ಒಂದು ಹಳೆಯ ಶಾಲೆಯ ಜಗಲಿಯ ಮೇಲೆ ನಾನೂ ನನ್ನಕ್ಕನೂ ಕುಳಿತಿದ್ದೆವು. ಒಳಗೆ ಮೂರನೇ ತರಗತಿಯ ಕೋಣೆಯಲ್ಲಿ, ಮಕ್ಕಳು ಕೂರುವ ಗಿಡ್ಡ ಬೆಂಚುಗಳ ಮೇಲೆ, ಇಪ್ಪತ್ತೈದು ಮೂವತ್ತು ಜನ ಗಂಡಸರು ಮೊಣಕಾಲು ಮಡಚಿಕೊಂಡು ಕುಳಿತಿದ್ದರು. ಅವರ ನಡುವೆ ನಮ್ಮ ಭಾವನೂ ಇದ್ದರು. ಅಕ್ಕನ ಕೈಯಲ್ಲಿ ಮಗಳಿಗೆಂದು ಹೆಣೆಯುತ್ತಿದ್ದ ಸ್ವೆಟರ್. ಒಂದು ಸಾಲು ಹೆಣೆಯುವುದು, ಎಲ್ಲೋ ತಪ್ಪಿತೆಂದು ಬಿಚ್ಚುವುದು, ಮತ್ತೆ ಹೆಣೆಯುವುದು. ಜಗಲಿಯ ಆ ತುದಿಯಲ್ಲಿ ಇನ್ನೂ ನಾಲ್ಕು ಜನ ಹೆಂಗಸರು ಕುಳಿತಿದ್ದರು. ಎಲ್ಲರೂ ಒಂದೇ ಕಾರಣಕ್ಕೆ ಬಂದವರು ಎಂದು ಎಲ್ಲರಿಗೂ ಗೊತ್ತು. ಆದರೂ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಆ ಜಗಲಿಯವರೆಗೆ ಬರಲು ನಮಗೆ ಹನ್ನೊಂದು ವರ್ಷ ಹಿಡಿದಿತ್ತು. ಹರಕೆ ಹೊತ್ತದ್ದಾಯಿತು, ತಾಯತ ಕಟ್ಟಿಸಿದ್ದಾಯಿತು, ಯಾರೋ ಕೊಟ್ಟ ಪುಡಿಯನ್ನು ಕಾಫಿಯಲ್ಲಿ ಬೆರೆಸಿದ್ದೂ ಆಯಿತು. ಮಕ್ಕಳ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸಿದ್ದಕ್ಕೆ ಲೆಕ್ಕವಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡು ಔಷಧಿ ಕೊಟ್ಟು ಕಳಿಸುವಾಗ, ಅಲ್ಲಿದ್ದ ಸಮಾಜ ಕಾರ್ಯಕರ್ತೆಯೊಬ್ಬರು ಒಂದು ಚೀಟಿಯಲ್ಲಿ ಈ ಶಾಲೆಯ ವಿಳಾಸ, ವಾರ, ಗಂಟೆ ಬರೆದುಕೊಟ್ಟಿದ್ದರು. ಅಕ್ಕ ತುಮಕೂರಿಗೆ ಬಂದವಳೇ ಅದನ್ನು ಸಾಸಿವೆ ಡಬ್ಬಿಯಲ್ಲಿಟ್ಟಳು. ಒಂದು ತಿಂಗಳು ಅದು ಅಲ್ಲೇ ಇತ್ತು. “ಅಷ್ಟು ಜನರೆದುರು ನಿಂತು ಕುಡುಕ ಅಂತ ಹೇಳಿಕೋಬೇಕಂತೆ ಕಣೆ. ನಮ್ಮ ಮಾನ ಏನಾಗಬೇಕು?” ಎಂದಿದ್ದಳು ನನ್ನ ಹತ್ತಿರ. ಒಂದು ರಾತ್ರಿ ಭಾವ ಮತ್ತೆ ಕುಡಿದು ಬಂದು ಬಾಗಿಲಲ್ಲೇ ಬಿದ್ದರು. ಮರುದಿನ ಅಕ್ಕ ಸಾಸಿವೆ ಡಬ್ಬಿ ತೆರೆದಳು.

ಹೀಗೆ ಹೊರಗೆ ಕಾದ ಹೆಂಗಸರಿಗೂ ಒಂದು ಚರಿತ್ರೆಯಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ‘ಆಲ್ಕೊಹಾಲಿಕ್ಸ್ ಅನಾನಿಮಸ್’, ಅಂದರೆ ಹೆಸರು ಹೇಳಿಕೊಳ್ಳದ ಮದ್ಯವ್ಯಸನಿಗಳ ಕೂಟ, ಹುಟ್ಟಿದ ಕಥೆಯನ್ನು ಹೇಳುವಾಗ ಎಲ್ಲರೂ ಇಬ್ಬರು ಗಂಡಸರ ಹೆಸರು ಹೇಳುತ್ತಾರೆ. ನನಗೆ ಆ ಕಥೆಯಲ್ಲಿ ಮೊದಲು ಕಂಡವಳು ಲೋಯಿಸ್.

ಲೋಯಿಸ್ ಬರ್ನ್‌ಹ್ಯಾಮ್ ಹುಟ್ಟಿದ್ದು 1891ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ವೈದ್ಯರು, ಅನುಕೂಲಸ್ಥರ ಮನೆ. 1918ರ ಜನವರಿಯಲ್ಲಿ ಅವಳು ತನಗಿಂತ ನಾಲ್ಕು ವರ್ಷ ಚಿಕ್ಕವನಾದ ಬಿಲ್ ವಿಲ್ಸನ್‌ನನ್ನು ಮದುವೆಯಾದಳು. ಬಿಲ್ ಬುದ್ಧಿವಂತ, ಮಾತುಗಾರ, ಷೇರುಪೇಟೆಯಲ್ಲಿ ಹಣ ಮಾಡಿದವನು. ಕುಡಿತ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು. ಲೋಯಿಸ್‌ಗೆ ಗರ್ಭ ನಿಂತರೂ ಮತ್ತೆ ಮತ್ತೆ ಗರ್ಭಕೋಶದ ಹೊರಗೇ ನಿಂತು, ತಾಯಿಯಾಗುವ ಆಸೆ ಮುಗಿದೇ ಹೋಯಿತು. 1929ರಲ್ಲಿ ಷೇರುಪೇಟೆ ಕುಸಿದ ಮೇಲೆ ಗಂಡಹೆಂಡತಿ ಅವಳ ತವರುಮನೆಗೇ ಬಂದು ಸೇರಿದರು. ಮ್ಯಾಸೀಸ್ ಎಂಬ ದೊಡ್ಡ ಅಂಗಡಿಯಲ್ಲಿ ಲೋಯಿಸ್ ಕೆಲಸಕ್ಕೆ ನಿಂತಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೆಂಡತಿ, ಮನೆಯಲ್ಲಿ ಕುಡಿದು ಮಲಗಿದ ಗಂಡ. ಬ್ರೂಕ್ಲಿನ್ ಆದರೇನು, ತುಮಕೂರಾದರೇನು! ಓದುವಾಗ ನನಗೆ ಅಕ್ಕನ ಅಡಿಗೆಮನೆಯೇ ಕಣ್ಣ ಮುಂದೆ ಬಂತು.

1934ರ ಡಿಸೆಂಬರಿನಲ್ಲಿ ಬಿಲ್ ಆಸ್ಪತ್ರೆಯಲ್ಲಿ ಕುಡಿತ ಬಿಟ್ಟ. ಮತ್ತೆ ಜೀವಮಾನದಲ್ಲಿ ಮುಟ್ಟಲಿಲ್ಲ. ಹಿಂದಿನ ತಿಂಗಳು ಅವನ ಹಳೆಯ ಗೆಳೆಯನೊಬ್ಬ, ತಾನೂ ಮಹಾ ಕುಡುಕನಾಗಿದ್ದವನು, ಮನೆಗೆ ಬಂದು “ನಾನು ಬಿಟ್ಟಿದ್ದೇನೆ” ಎಂದು ಹೇಳಿ ಹೋಗಿದ್ದ. ಡಾಕ್ಟರು ಹೇಳಿದಾಗ ಇಳಿಯದ ಮಾತು, ಹೆಂಡತಿ ಅತ್ತು ಹೇಳಿದಾಗ ಇಳಿಯದ ಮಾತು, ಇನ್ನೊಬ್ಬ ಕುಡುಕ ಹೇಳಿದಾಗ ಎದೆಗೆ ಇಳಿಯಿತು.

ಇದು ಬರೀ ತನ್ನೊಬ್ಬನ ಪುಣ್ಯವಲ್ಲ, ಇದರಲ್ಲೊಂದು ದಾರಿಯಿದೆ ಎಂದು ಬಿಲ್‌ಗೆ ಗಟ್ಟಿಯಾದದ್ದು 1935ರ ಮೇ ತಿಂಗಳಲ್ಲಿ. ವ್ಯವಹಾರಕ್ಕೆಂದು ಓಹಾಯೊ ರಾಜ್ಯದ ಆ್ಯಕ್ರನ್ ಊರಿಗೆ ಹೋಗಿದ್ದ. ವ್ಯವಹಾರ ಕೈಗೂಡಲಿಲ್ಲ. ಹೋಟೆಲಿನಲ್ಲಿ ಒಬ್ಬನೇ. ಒಂದು ಬದಿಗೆ ಬಾರಿನ ಗದ್ದಲ, ಇನ್ನೊಂದು ಬದಿಗೆ ಟೆಲಿಫೋನು. ಅವನು ಟೆಲಿಫೋನಿನ ಕಡೆಗೆ ನಡೆದ. ಪಾದ್ರಿಯೊಬ್ಬರಿಗೆ ಫೋನು ಮಾಡಿ, ಅವರು ಕೊಟ್ಟ ಹೆಸರುಗಳ ಬೆನ್ನು ಹತ್ತಿ, ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಹೆಂಗಸನ್ನು ತಲುಪಿದ. ಅವಳಿಗೆ ಪರಿಚಯದ ಒಬ್ಬ ಶಸ್ತ್ರವೈದ್ಯರಿದ್ದರು, ಡಾಕ್ಟರ್ ಬಾಬ್ ಸ್ಮಿತ್. ಅವರ ಹೆಂಡತಿ ಆ್ಯನ್. ಬಾಬ್ ಕುಡಿತದಿಂದ ಕೆಲಸವನ್ನೂ ಹೆಸರನ್ನೂ ಕಳೆದುಕೊಳ್ಳುತ್ತಿದ್ದರು. ಮೇ 12, ಅಲ್ಲಿಯವರ ತಾಯಂದಿರ ದಿನ. ಹೆನ್ರಿಯೆಟಾಳ ಮನೆಯಲ್ಲಿ ಇಬ್ಬರೂ ಭೇಟಿಯಾದರು. ಹದಿನೈದು ನಿಮಿಷ ಮಾತ್ರ ಎಂದು ಷರತ್ತು ಹಾಕಿ ಬಂದಿದ್ದ ಡಾಕ್ಟರು ಆರು ಗಂಟೆಗೂ ಹೆಚ್ಚು ಹೊತ್ತು ಕುಳಿತರು. ನಡುವೆ ಒಮ್ಮೆ ಜಾರಿ ಬಿದ್ದು, ಜೂನ್ 10ರಂದು ಕೊನೆಯ ಸಲ ಕುಡಿದರು. ಆ ದಿನವನ್ನೇ ಈ ಕೂಟದ ಹುಟ್ಟುಹಬ್ಬವೆಂದು ಇಂದಿಗೂ ಆಚರಿಸುತ್ತಾರೆ.

ಇಬ್ಬರು ಗಂಡಸರ ಕಥೆ ಎನ್ನುತ್ತಾರಲ್ಲ, ಅವರನ್ನು ಕೂಡಿಸಿದವಳು ಒಬ್ಬ ಹೆಣ್ಣು. ಬಾಬ್‌ರನ್ನು ಆ ಬಾಗಿಲವರೆಗೆ ಎಳೆದು ತಂದವಳು ಆ್ಯನ್. ಆಮೇಲೆ ಆ ಬೇಸಿಗೆಯಿಡೀ ಬಿಲ್‌ನನ್ನು ಮನೆಯಲ್ಲಿಟ್ಟುಕೊಂಡು, ಹೊಸದಾಗಿ ಬರುವವರಿಗೆ ಕಾಫಿ ಕಾಸಿ, ಅವರ ಹೆಂಡಂದಿರನ್ನು ಪಕ್ಕಕ್ಕೆ ಕೂರಿಸಿಕೊಂಡು ಧೈರ್ಯ ಹೇಳಿದವಳೂ ಅವಳೇ.

ಇತ್ತ ಬ್ರೂಕ್ಲಿನ್‌ನ ಕ್ಲಿಂಟನ್ ಬೀದಿಯ ಮನೆಯಲ್ಲಿ ಲೋಯಿಸ್ ಏನು ಮಾಡುತ್ತಿದ್ದಳು? ಬಿಲ್ ಮನೆಯಲ್ಲೇ ಮಂಗಳವಾರದ ಸಭೆ ಆರಂಭಿಸಿದ್ದ. ಕುಡಿತ ಬಿಡಲೆಂದು ಬಂದವರು ಅಲ್ಲೇ ಉಳಿಯುತ್ತಿದ್ದರು. ಅವಳು ಅಂಗಡಿಯಲ್ಲಿ ದುಡಿದು ಬಂದು ಅವರಿಗೆಲ್ಲ ಬೇಯಿಸುತ್ತಿದ್ದಳು. ಗಂಡ ಕುಡಿಯುವುದನ್ನು ಬಿಟ್ಟಿದ್ದಾನೆ, ಇನ್ನೇನು ಬೇಕು? ಆದರೂ ಮನಸ್ಸಿನಲ್ಲಿ ಏನೋ ಕುದಿಯುತ್ತಿತ್ತು. ಒಂದು ಭಾನುವಾರ ಬಿಲ್ “ಬೇಗ ಹೊರಡು, ಸಭೆಗೆ ಹೊತ್ತಾಯಿತು” ಎಂದ. ಲೋಯಿಸ್ ತನ್ನ ಕೈಯಲ್ಲಿದ್ದ ಪಾದರಕ್ಷೆಯನ್ನು ಅವನತ್ತ ಬೀಸಿ ಎಸೆದು, ನೀನೂ ನಿನ್ನ ಹಾಳು ಸಭೆಗಳೂ ಎಂದು ಕೂಗಿಬಿಟ್ಟಳು!

ಎಸೆದ ಮೇಲೆ ಅವಳಿಗೇ ಆಶ್ಚರ್ಯ. ಕುಡಿದು ಬಂದಾಗ ಎಸೆದಿದ್ದರೆ ಅದಕ್ಕೊಂದು ಅರ್ಥವಿತ್ತು. ನೆಟ್ಟಗಾದ ಗಂಡನ ಮೇಲೆ ಈ ಸಿಟ್ಟೇಕೆ? ಯೋಚಿಸಿದಾಗ ಅವಳಿಗೆ ಹೊಳೆಯಿತು. ಹದಿನೇಳು ವರ್ಷ ತಾನು ಜೀವ ತೇಯ್ದರೂ ಆಗದ ಕೆಲಸವನ್ನು ಯಾರೋ ಪರಕೀಯರು ಬಂದು ಮಾಡಿಬಿಟ್ಟಿದ್ದರು. ಅವನನ್ನು ಕಾಯುವುದೇ ಅವಳ ಬದುಕಾಗಿತ್ತು. ಈಗ ಕಾಯಲು ಯಾರೂ ಇಲ್ಲದೆ ಅವಳ ಕೈ ಖಾಲಿಯಾಗಿತ್ತು. ಕಾಯಿಲೆ ಅವನೊಬ್ಬನಿಗಲ್ಲ, ಮನೆಗೇ ತಗುಲಿದೆ, ವಾಸಿಯಾಗಬೇಕಾದವಳು ತಾನೂ ಹೌದು ಎಂದು ಅವಳು ಅರಿತದ್ದು ಅಂದು. ದೊಡ್ಡವರ ಚರಿತ್ರೆಯಲ್ಲಿ ಇಂಥ ಸಣ್ಣ ಸಂಗತಿಗೆ ಜಾಗವಿರುವುದಿಲ್ಲ. ಆದರೆ ಹೆಂಗಸರ ಸಭೆಗಳ ಚರಿತ್ರೆಯನ್ನು ನಾನು ಆ ಪಾದರಕ್ಷೆಯಿಂದಲೇ ಆರಂಭಿಸುತ್ತೇನೆ.

1939ರ ಏಪ್ರಿಲ್‌ನಲ್ಲಿ ಕೂಟದ ಪುಸ್ತಕ ಹೊರಬಂತು. ಅದರಲ್ಲಿ ಹೆಂಡತಿಯರಿಗೆಂದೇ ಒಂದು ಅಧ್ಯಾಯವಿದೆ, ಹೆಂಡತಿಯರೇ ಮಾತನಾಡುತ್ತಿರುವಂತೆ ಬರೆದದ್ದು. ಅದನ್ನು ಬರೆಯುವ ಆಸೆ ಲೋಯಿಸ್‌ಗಿತ್ತು. ಬಿಲ್ ಒಪ್ಪಲಿಲ್ಲ, ತಾನೇ ಬರೆದ. ಅವಳಿಗೆ ನೋವಾಯಿತು. ಹೆಂಡತಿಯ ಮನಸ್ಸನ್ನು ಹೆಂಡತಿಗಿಂತ ಚೆನ್ನಾಗಿ ಬಲ್ಲೆನೆಂದುಕೊಳ್ಳುವ ಗಂಡಂದಿರು ಎಲ್ಲ ದೇಶಗಳಲ್ಲೂ ಇದ್ದಾರೆ ಎಂದು ನಗಬೇಕಷ್ಟೆ. ಅದೇ ತಿಂಗಳು ಸಾಲದಿಂದಾಗಿ ಅವಳ ತವರುಮನೆಯೂ ಕೈಬಿಟ್ಟಿತು. ಎರಡು ವರ್ಷ ಗಂಡಹೆಂಡತಿ ಪರಿಚಯದವರ ಮನೆಗಳಲ್ಲಿ ದಿನ ಕಳೆದರು.

ಆ ಕಾಲದಲ್ಲಿ ಸಭೆ ಎಲ್ಲಿದೆ ಎಂದು ತಿಳಿಯುವುದೇ ಒಂದು ದೊಡ್ಡ ಕೆಲಸ. 1941ರ ಮಾರ್ಚ್ 1ರಂದು ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ಎಂಬ ವಾರಪತ್ರಿಕೆಯಲ್ಲಿ ಜಾಕ್ ಅಲೆಗ್ಸಾಂಡರ್ ಎಂಬ ಪತ್ರಕರ್ತರ ಲೇಖನವೊಂದು ಬಂತು. ಸಹಾಯ ಕೇಳಿ ಬಂದ ಕಾಗದಗಳು ರಾಶಿ ಬಿದ್ದವು. ಸುಮಾರು 2,000 ಇದ್ದ ಸದಸ್ಯರು ವರ್ಷ ಮುಗಿಯುವುದರೊಳಗೆ 8,000 ಆದರು.

ಅವರ ಹಣದ ಲೆಕ್ಕವೂ ಸೋಜಿಗದ್ದು. ಆಗರ್ಭ ಶ್ರೀಮಂತ ರಾಕ್‌ಫೆಲ್ಲರ್ ಅವರಿಂದ ದೊಡ್ಡ ಮೊತ್ತ ಬರಬಹುದೆಂದು ಬಿಲ್ ಕಾದಿದ್ದ. ಅವರು 1938ರಲ್ಲಿ 5,000 ಡಾಲರ್ ಮಾತ್ರ ಕೊಟ್ಟು, ಹೆಚ್ಚು ಹಣ ಈ ಕೆಲಸವನ್ನು ಕೆಡಿಸುತ್ತದೆ ಎಂಬ ಅಭಿಪ್ರಾಯಪಟ್ಟರು. ನಿರಾಸೆಯಿಂದ ಹುಟ್ಟಿದ್ದೇ ಮುಂದೆ ನಿಯಮವಾಯಿತು. ಸೇರಲು ಶುಲ್ಕವಿಲ್ಲ, ಹೊರಗಿನವರ ದೇಣಿಗೆ ಬೇಡ, ಬಂದವರು ಕೈಲಾದಷ್ಟು ಹಾಕಿದ್ದರಲ್ಲೇ ಚಹಾ, ಕೋಣೆಯ ಬಾಡಿಗೆ. ನಮ್ಮ ಭಾವ ಕೂತಿದ್ದ ಕೋಣೆಯಲ್ಲೂ ಒಂದು ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು. ಹಾಕದಿದ್ದವರನ್ನು ಯಾರೂ ಕೇಳುತ್ತಿರಲಿಲ್ಲ.

ಸಭೆಗಳು ಹೆಚ್ಚಿದಂತೆ ಹೊರಗೆ ಕಾಯುವ ಹೆಂಡಂದಿರೂ ಹೆಚ್ಚಿದರು. ಒಳಗಿನವರಿಗೆ ಕಾಫಿ ಮಾಡಿಕೊಡುತ್ತ ಅಡಿಗೆಮನೆಯಲ್ಲಿ ನಿಂತವರು ಕೆಲವರು. ಗಂಡನನ್ನು ಬಿಟ್ಟು ಕಾರಿನಲ್ಲೇ ಕುಳಿತವರು ಕೆಲವರು. ಹಾಗೆ ಕಾಯುತ್ತ ಮಾತಿಗೆ ಮಾತು ಬೆಳೆದು, ಅಲ್ಲಲ್ಲಿ ಅವರವರದೇ ಗುಂಪುಗಳಾದವು. 1950ರಲ್ಲಿ ಬಿಲ್ ಊರೂರು ಸುತ್ತುವಾಗ ಇವನ್ನು ಕಂಡು ಬಂದು, ಇವನ್ನೆಲ್ಲ ಒಂದು ಕಡೆ ಸೇರಿಸು ಎಂದು ಹೆಂಡತಿಗೆ ಹೇಳಿದ. ಲೋಯಿಸ್‌ಗೆ ಮೊದಲು ಮನಸ್ಸಿರಲಿಲ್ಲ. ಅಲೆದಾಟ ಮುಗಿಸಿ ನ್ಯೂಯಾರ್ಕಿನ ಬೆಡ್‌ಫರ್ಡ್ ಹಿಲ್ಸ್‌ನಲ್ಲಿ ಕಡೆಗೂ ಒಂದು ಸ್ವಂತ ಮನೆ, ಹೂದೋಟ ಮಾಡಿಕೊಂಡಿದ್ದಳು. ಆದರೂ 1951ರಲ್ಲಿ, ತನ್ನ 60ನೇ ವಯಸ್ಸಿನಲ್ಲಿ, ಆ್ಯನ್ ಬಿ. ಎಂದಷ್ಟೇ ತನ್ನನ್ನು ಕರೆದುಕೊಳ್ಳುತ್ತಿದ್ದ ಗೆಳತಿಯೊಡನೆ ಮೇಜಿನ ಮುಂದೆ ಕುಳಿತು ಕಾಗದ ಬರೆಯತೊಡಗಿದಳು. ನಮ್ಮ ಗುಂಪನ್ನೂ ಪಟ್ಟಿಗೆ ಸೇರಿಸಿ ಎಂದು ಅದುವರೆಗೆ ಕೇಳಿದ್ದ 87 ವಿಳಾಸಗಳು ಅವರ ಕೈಯಲ್ಲಿದ್ದವು. ಮೂಲ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಇದಕ್ಕೆ ‘ಅಲ್-ಅನಾನ್’ ಎಂದು ಹೆಸರಿಟ್ಟರು. 1957ರ ಹೊತ್ತಿಗೆ ಹರೆಯದ ಮಕ್ಕಳಿಗಾಗಿ ‘ಅಲಟೀನ್’ ಎಂಬ ಕವಲೂ ಒಡೆಯಿತು. ಬಿಲ್ 1971ರಲ್ಲಿ, ಮದುವೆಯ ವಾರ್ಷಿಕದ ದಿನವೇ ತೀರಿಕೊಂಡ. ಲೋಯಿಸ್ 97 ವರ್ಷ ಬದುಕಿ 1988ರಲ್ಲಿ ಕಣ್ಣುಮುಚ್ಚಿದಳು.

ಭಾರತದಲ್ಲಿ ಕುಡಿತ ಬಿಟ್ಟವರ ಸಭೆ ಬೇರೂರಿದ್ದು 1957ರಲ್ಲಿ, ಆಗಿನ ಬೊಂಬಾಯಿಯಲ್ಲಿ. ಅಲ್ಲಿಂದ ಬೇರೆ ಊರುಗಳಿಗೆ ಹರಡಿತು. ನಮ್ಮ ಹತ್ತಿರದ ಚೆನ್ನೈಯಲ್ಲಂತೂ ಹೊರಗೆ ಕಾದ ಹೆಣ್ಣೊಬ್ಬಳೇ ಬಾಗಿಲು ತೆರೆದಳು. ಶಾಂತಿ ರಂಗನಾಥನ್ ದೊಡ್ಡ ಉದ್ಯಮಿಗಳ ಮನೆಯ ಸೊಸೆ. ಗಂಡ ರಂಗನಾಥನ್ ಕುಡಿತಕ್ಕೆ ಬಲಿಯಾಗಿ 1979ರಲ್ಲಿ, ಇನ್ನೂ 33ರ ಹರೆಯದಲ್ಲಿ ತೀರಿಕೊಂಡರು. ಬಿಳಿಚಿದ ಮುಖದಿಂದ ಮನೆಯೊಳಗೆ ಕೂತಿರಬೇಕಾಗಿದ್ದ ವಿಧವೆ ಅಮೆರಿಕಕ್ಕೆ ಹೋಗಿ ಚಿಕಿತ್ಸೆಯ ಕ್ರಮ ಕಲಿತು ಬಂದು, 1980ರಲ್ಲಿ ಗಂಡನ ಹೆಸರಿನಲ್ಲೇ ಟಿ.ಟಿ. ರಂಗನಾಥನ್ ಸಂಶೋಧನಾ ಪ್ರತಿಷ್ಠಾನವನ್ನು ಆರಂಭಿಸಿದರು. ಕುಡಿಯುವವರಿಗೆ ಮಾತ್ರವಲ್ಲ, ಅವರ ಮನೆಯವರಿಗೂ ಅಲ್ಲಿ ಚಿಕಿತ್ಸೆ. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಮ್ಮ ಕನ್ನಡದ ಹೆಣ್ಣುಮಕ್ಕಳಾದರೋ ಕುಡಿತವನ್ನು ಬೀದಿಯಲ್ಲಿ ನಿಂತು ಎದುರಿಸಿದವರು. 2007ರ ಜುಲೈನಲ್ಲಿ ಸಾರಾಯಿ ನಿಂತಿತು, ಬೇರೆ ಮದ್ಯ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಹಳ್ಳಿಯ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು ನಡೆದು ಬಂದು ಮದ್ಯ ನಿಷೇಧಿಸಿ ಎಂದು ಕೇಳಿದರು. ಅಂಗಡಿ ಮುಚ್ಚಿಸುವ ಆ ನಡಿಗೆ ದೊಡ್ಡದು. ಆದರೆ ಅಂಗಡಿ ತೆರೆದೇ ಇರುವ ಊರಿನಲ್ಲಿ, ಇವತ್ತಿನ ರಾತ್ರಿಯನ್ನು ಕಳೆಯುವುದು ಹೇಗೆ ಎಂದು ಕೇಳುವವಳಿಗೆ ಒಂದು ಕೋಣೆಯೂ ಬೇಕು.

ಮತ್ತೆ ನಮ್ಮ ಜಗಲಿಗೆ ಬರುತ್ತೇನೆ. ನಾವು ಹೋದ ಮೂರನೆಯ ಭಾನುವಾರ, ಹತ್ತಿಯ ಸೀರೆಯುಟ್ಟ ಒಬ್ಬ ಹಿರಿಯ ಹೆಂಗಸು ಜಗಲಿಗೆ ಬಂದು ನಮ್ಮೆದುರು ನಿಂತರು. “ಇಲ್ಲಿ ಯಾಕಮ್ಮ ಕೂತಿದ್ದೀರಿ? ಆ ಕಡೆ ಕೋಣೆಯಲ್ಲಿ ನಾವಿದ್ದೀವಿ, ಬನ್ನಿ” ಎಂದರು. ಅಕ್ಕ “ಇಲ್ಲ ಅಮ್ಮ, ನಮ್ಮವರು ಒಳಗಿದ್ದಾರೆ, ಅವರಿಗೋಸ್ಕರ ಬಂದಿದ್ದು” ಎಂದಳು. ಅವರು ನಕ್ಕು, “ನಾನೂ ಹಾಗೇ ಅಂದಿದ್ದೆ” ಎಂದರು. ಅಷ್ಟೇ. ಅಕ್ಕ ಹೆಣಿಗೆಯನ್ನು ಚೀಲಕ್ಕೆ ತುರುಕಿ ಎದ್ದಳು.

ಆ ಕೋಣೆಯಲ್ಲಿ ಏಳು ಜನ ಹೆಂಗಸರಿದ್ದರು. ನಾನೂ ಆ ಮನೆಯ ಹುಡುಗಿಯೇ ಆದ್ದರಿಂದ ನನಗೂ ಜಾಗ ಸಿಕ್ಕಿತು. ಒಬ್ಬೊಬ್ಬರೇ ತಮ್ಮ ಹೆಸರು ಹೇಳಿ, ಮನಸ್ಸು ಬಂದಷ್ಟು ಮಾತನಾಡಿದರು. ಬೇಡವಾದವರು ಸುಮ್ಮನಿದ್ದರು. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಗಂಡನನ್ನು ಬಿಟ್ಟುಬಿಡು ಎನ್ನಲಿಲ್ಲ, ಸಹಿಸಿಕೊಂಡು ಇರು ಎಂದೂ ಎನ್ನಲಿಲ್ಲ. ಅವನ ಕುಡಿತಕ್ಕೆ ನೀನು ಕಾರಣಳಲ್ಲ, ಅದನ್ನು ನಿಲ್ಲಿಸುವುದು ನಿನ್ನ ಕೈಯಲ್ಲಿಲ್ಲ ಎಂದು ಹೇಳಿದಾಗ ಅಕ್ಕನ ಕಣ್ಣಲ್ಲಿ ನೀರು ಹರಿಯಿತು. “ನೀನು ಸರಿಯಾಗಿದ್ದಿದ್ದರೆ ಅವನು ಯಾಕೆ ಕುಡೀತಿದ್ದ?” ಎಂದು ಅತ್ತೆ ಕೇಳಿದ್ದನ್ನು ಅವಳು ಹನ್ನೊಂದು ವರ್ಷ ಎದೆಯಲ್ಲಿ ಹೊತ್ತಿದ್ದಳು. ವಾಪಸು ಬಸ್ಸಿನಲ್ಲಿ, ನೆಲಮಂಗಲ ದಾಟಿದ ಮೇಲೆ, “ಅಲ್ಲಿ ಯಾರೂ ನನ್ನನ್ನ ಅಯ್ಯೋ ಪಾಪ ಅನ್ನಲಿಲ್ಲ, ನೋಡಿದೆಯಾ?” ಎಂದಳು.

ಭಾವ ಆಮೇಲೆ ಗುಣವಾದರು ಎಂದು ಬರೆಯುವ ಆಸೆ ನನಗಿದೆ. ಹದಿನಾಲ್ಕು ತಿಂಗಳು ಅವರು ಕುಡಿಯಲಿಲ್ಲ. ಆ ದೀಪಾವಳಿಗೆ ತಾವೇ ಅಂಗಡಿಗೆ ಹೋಗಿ ಅಕ್ಕನಿಗೆ ಹಸಿರು ಸೀರೆ ತಂದದ್ದು ನನಗೆ ನೆನಪಿದೆ. ಆಮೇಲೆ ಬಿದ್ದರು, ಎದ್ದರು, ಮತ್ತೆ ಬಿದ್ದರು. 2004ರಲ್ಲಿ ಯಕೃತ್ತು ಕೆಟ್ಟು ತೀರಿಕೊಂಡರು. ಆ ಕೋಣೆಯಲ್ಲಿ ಅವರ ಜೊತೆ ಕುಳಿತಿದ್ದವರಲ್ಲಿ ಇಂದಿಗೂ ಕುಡಿಯದೆ ಇರುವವರನ್ನು ನಾನು ಬಲ್ಲೆ. ಅದೂ ನಿಜ, ಇದೂ ನಿಜ. ಈ ಸಭೆ ಮಂತ್ರವಲ್ಲ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಸೆಳವು, ಬುದ್ಧಿಭ್ರಮಣೆ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಅದಕ್ಕೆ ಡಾಕ್ಟರು ಬೇಕೇ ಬೇಕು. ಹೊಡೆತ ತಿನ್ನುವ ಮನೆಯಲ್ಲಿ ಮೊದಲು ತನ್ನ ಮತ್ತು ಮಕ್ಕಳ ಜೀವ ಉಳಿಸಿಕೊಳ್ಳಬೇಕು, ಸಭೆ ಆಮೇಲೆ.

ವಿಚಿತ್ರವೆಂದರೆ ಭಾವ ಹೋದ ಮೇಲೂ ಅಕ್ಕ ಆ ಕೋಣೆಗೆ ಹೋಗುವುದನ್ನು ಬಿಡಲಿಲ್ಲ. “ಇನ್ನು ಯಾಕಕ್ಕ?” ಎಂದು ನಾನೇ ಕೇಳಿದ್ದೆ. “ಮೊದಲು ಅವರಿಗೋಸ್ಕರ ಹೋಗ್ತಿದ್ದೆ. ಆಮೇಲೆ ನನಗೋಸ್ಕರ ಹೋದೆ. ಈಗ ಯಾರಾದರೂ ಜಗಲಿ ಮೇಲೆ ಕೂತಿರ್ತಾರಲ್ಲ, ಅವರಿಗೋಸ್ಕರ” ಎಂದಳು.

ಅಕ್ಕನ ಹೆಸರನ್ನು ನಾನಿಲ್ಲಿ ಬರೆದಿಲ್ಲ, ಗಮನಿಸಿರಬಹುದು. ಅಲ್ಲಿ ಕೇಳಿದ್ದನ್ನು, ಕಂಡವರನ್ನು ಹೊರಗೆ ಹೇಳಬಾರದೆಂಬುದು ಆ ಕೋಣೆಯ ನಿಯಮ. ಅಕ್ಕ ತನ್ನ ಕಥೆಯನ್ನು ಮಾತ್ರ ಬರೆಯಲು ಒಪ್ಪಿಗೆ ಕೊಟ್ಟಿದ್ದಾಳೆ. ಅವಳಿಗೀಗ ಎಪ್ಪತ್ತು ದಾಟಿದೆ. ಸಾಸಿವೆ ಡಬ್ಬಿಯಲ್ಲಿ ಈಗಲೂ ಚೀಟಿಗಳಿವೆ, ವಿಳಾಸ, ವಾರ, ಗಂಟೆ ಬರೆದಿಟ್ಟವು. ಈಗ ಫೋನಿನಲ್ಲೇ ವಿಳಾಸ ಸಿಗುತ್ತದೆ, ಸರ್ಕಾರದ 14446 ಎಂಬ ವ್ಯಸನಮುಕ್ತಿ ಸಹಾಯವಾಣಿಯೂ ಇದೆ. ಆದರೂ ತರಕಾರಿಯವಳು ಸೆರಗಿನಿಂದ ಕಣ್ಣೊರೆಸಿಕೊಂಡಾಗ, ಪಕ್ಕದ ಮನೆಯ ಹುಡುಗಿ ತಡರಾತ್ರಿಯವರೆಗೆ ಗೇಟಿನ ಬಳಿ ನಿಂತಿದ್ದಾಗ, ಅಕ್ಕ ಏನನ್ನೂ ಕೇಳುವುದಿಲ್ಲ. ಒಳಗೆ ಹೋಗಿ ಡಬ್ಬಿ ತೆರೆಯುತ್ತಾಳೆ. “ಮನಸ್ಸಾದರೆ ಹೇಳು, ಮೊದಲ ಸಲ ನಾನೂ ಜೊತೆಗೆ ಬರ್ತೀನಿ” ಎನ್ನುತ್ತಾಳೆ.